ಬೆರಳಿನಷ್ಟು

ಬೆರಳಿನಷ್ಟು ಉದ್ದ ಹೆಚ್ಚಬೇಕಂತೆ.
ಯಾರ ಬೆರಳು, ಎಂದು ಕೇಳಿದೆ.
ನನ್ನ ಎಡಗೈ ತೋರುಬೆರಳ ತುದಿ ಅರ್ಧ ಉಗುರಿನ ಸಮೇತ
ತೊಂಬತ್ತೆಂಟರಲ್ಲಿ ಮಾಟುಂಗದ ಹೊಟೇಲಿನಲ್ಲಿ
ಕ್ಯಾಬೇಜಿನ ಜೊತೆ ಹೋಯಿತು.
ಆ ದಿನದ ಪಲ್ಯ ಎಸೆದೆವೆಂದು ಧಣಿ ಹೇಳಿದ್ದರು,
ನಾನು ಸಾಯನ್ ಆಸ್ಪತ್ರೆಯಲ್ಲಿದ್ದೆ, ನಂಬಿದೆ.

ಮಗಳು ನಗಲಿಲ್ಲ.
"ಮುಷ್ಟಿಯಿಂದ ಒಂದಿಂಚು ಹೊರಗೆ ಕಾಣಬೇಕಪ್ಪಾ.
ಮುಷ್ಟಿ ಬಿಚ್ಚಿ ಒಳಗಿನದ್ದು ತಿನ್ನಲು
ಅವಳಿಗೆ ಇನ್ನೂ ತಿಳಿಯುವುದಿಲ್ಲ."

ಮೂವತ್ತೊಂದು ವರ್ಷ ಹೆಚ್ಚಿದವನು ನಾನು.
ಸಾಂಬಾರಿಗೆ ಒಂದು ಅಳತೆ, ಸಾಗುವಿಗೆ ಇನ್ನೊಂದು,
ಮಸಾಲೆದೋಸೆಯ ಈರುಳ್ಳಿ ಉದ್ದುದ್ದ,
ಉಪ್ಪಿಟ್ಟಿಗಾದರೆ ಕಂಡೂ ಕಾಣದಷ್ಟು.
ಬೆಳಗಿನ ನಾಲ್ಕಕ್ಕೆ ಮಣೆಯ ಮುಂದೆ ಕೂತರೆ
ಹತ್ತು ಕಿಲೋ ಬೀನ್ಸ್ ಮುಗಿಯುವಷ್ಟರಲ್ಲಿ
ಮೊದಮೊದಲ ಲೋಕಲ್ಲುಗಳ ಜನ
ಕಾಫಿ ಕುಡಿದು ಎದ್ದು ಹೋಗಿರುತ್ತಿದ್ದರು.
ಈ ಅಳತೆಯೊಂದನ್ನು ಯಾರೂ ಕಲಿಸಿರಲಿಲ್ಲ.

ಡೊಂಬಿವ್ಲಿ ಸ್ಟೇಷನ್ನಿನ ಪೂರ್ವಕ್ಕೆ, ಅನಸೂಯಾ ಮಾವಶಿಯ ಗಾಡಿಯಲ್ಲಿ
ದೂಧಿಗೆ ಉಗುರು ಚುಚ್ಚಿ ಎಳೆಯದು ಆರಿಸಿದೆ.
"ಮತ್ತೆ ಹೊಟೇಲು ಸೇರಿದೆಯಾ?"
"ಇಲ್ಲ ಮಾವಶಿ, ಮನೆಯಲ್ಲೇ. ಒಬ್ಬಳೇ ಗಿರಾಕಿ."
ಕೆಂಪು ಭೋಪ್ಳಾ, ಗಾಜರು, ಒಂದು ಹಿಡಿ ಫರಸಬಿ.
(ಕುಂಬಳಕಾಯಿ ಎನ್ನುವುದು ಈಗ
ಊರಿಗೆ ಫೋನು ಮಾಡಿದಾಗ ಮಾತ್ರ.)

ಅಟ್ಟಿನಳಗೆಯಲ್ಲಿ ಹಬೆ.
ಬೆಂದಿತೇ ಎಂದು ನೋಡುವುದು ಹೀಗೆ:
ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಕುಸಿಯಬೇಕು,
ಎತ್ತಿದರೆ ಮುರಿಯಬಾರದು.
ನನ್ನ ತೋರುಬೆರಳಿಗೆ ತುದಿಯೇ ಇಲ್ಲ. ನಡುಬೆರಳಲ್ಲಿ ಒತ್ತಿದೆ.
ಮೊದಲ ಸಲ ಗಾಜರು ಗಟ್ಟಿ.
ಎರಡನೆಯ ಸಲ ಭೋಪ್ಳಾ ಪಾಯಸವಾಯಿತು.
ಸಾವಿರ ಜನಕ್ಕೆ ಹೆಚ್ಚಿ ಹಾಕಿದವನು
ಆರು ತಿಂಗಳ ಒಬ್ಬಳಿಗೆ ಬೆವೆತೆ.

ಉಪ್ಪಿನ ಡಬ್ಬಿಗೆ ಕೈ ಹೋಯಿತು,
ಅದು ನನ್ನ ಕೈಯಲ್ಲ, ಹೊಟೇಲಿನದು.
"ವರ್ಷ ತುಂಬುವ ತನಕ ಇಲ್ಲ,"
ಮಗಳು ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು.
ಉಪ್ಪಿಗಿಂತ ರುಚಿಯಿಲ್ಲ, ಎಂದು ಗಾದೆ ತೆಗೆದೆ.
ಉಳಿದರ್ಧ ಗಾದೆ ತಾಯಿಯ ಕುರಿತು.
ನುಂಗಿಕೊಂಡೆ.

ಮಿಹಿಕಾ ಎತ್ತರದ ಕುರ್ಚಿಯಲ್ಲಿ, ಕೆಳಗೆ ನಿನ್ನೆಯ ಪೇಪರು.
ಫರಸಬಿಯನ್ನು ಮೊದಲು ಕಿವಿಗೆ ತಿನ್ನಿಸಿದಳು, ಆಮೇಲೆ ಹುಬ್ಬಿಗೆ.
ಭೋಪ್ಳಾ ಹಿಡಿದಲ್ಲೇ ಹಿಂಡಿ
ಬೆರಳ ಸಂದಿಗಳಿಂದ ಅದು ಹೊರಬರುವುದನ್ನು
ನನ್ನ ಹಳೆಯ ಧಣಿ ಗಲ್ಲಾ ಎಣಿಸುವಾಗಿನ ಗಂಭೀರದಲ್ಲಿ ನೋಡಿದಳು.
ಹೆಂಡತಿ ರಾಗಿ ಮಣ್ಣಿಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು,
ಇದು ಮುಗಿಯದ ಆಟವೆಂಬ ಭರವಸೆಯಿಂದ.

ಗಾಜರು ಬಾಯಿಗೆ ಹೋಯಿತು.
ಕಣ್ಣು ತುಂಬಿತು, ಮುಖ ಕೆಂಪು, ನಾಲಗೆ ಮುಂದೆ ಬಂತು.
ನಾನು ಎದ್ದೆ.
ಮಗಳ ಕೈ ನನ್ನ ಮೊಣಕಾಲ ಮೇಲೆ:
"ಸದ್ದು ಬರುತ್ತಿದೆಯಲ್ಲ. ಸದ್ದಿದ್ದರೆ ಭಯವಿಲ್ಲ. ಕೂತುಕೊಳ್ಳಿ."
ಅವಳ ಕೈಯೂ ನಡುಗುತ್ತಿತ್ತು.
ಕಲ್ಯಾಣದ ಕಡೆಗೊಂದು ಫಾಸ್ಟ್ ಗಾಡಿ ಹೋಗಿ ಮುಗಿಯುವವರೆಗೆ
ನಾವು ಮೂವರೂ ಉಸಿರಾಡಲಿಲ್ಲ.
ತುಣುಕು ಹೊರಬಿತ್ತು.
ಹುಡುಗಿ ಅದನ್ನು ನೋಡಿದಳು,
ಎತ್ತಿ ಮತ್ತೆ ಬಾಯಿಗಿಟ್ಟಳು.

ಹೊಟೇಲಿನಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ
ಒಂದು ಕಿಂಡಿಯಿತ್ತು, ಮೊಳ ಅಗಲ.
ತಟ್ಟೆ ಹೋಗುತ್ತಿತ್ತು, ತಟ್ಟೆ ಬರುತ್ತಿತ್ತು,
ಮಧ್ಯೆ ಎಲ್ಲೋ ಒಂದು ಬಾಯಿ ಇದ್ದೀತೆಂದು
ಲೆಕ್ಕದಿಂದ ಗೊತ್ತಿತ್ತು, ಅಷ್ಟೆ.
ನಾನು ಹೆಚ್ಚಿದ್ದನ್ನು ಒಂದು ಜೀವ ತಿನ್ನುವುದನ್ನು
ಹೀಗೆ ಎದುರು ಕೂತು ನೋಡಿದ್ದು ಇವತ್ತೇ.
ಅದೂ ಬಹುಪಾಲು ಪೇಪರಿಗೇ ಬಿತ್ತು, ಇರಲಿ.

ಬಿದ್ದ ದೂಧಿಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.
ಸಪ್ಪೆ.
ಅಗಿಯುತ್ತ ಹೋದಂತೆ, ಬಹಳ ಒಳಗೆ, ಚೂರು ಸಿಹಿ.
ಇದು ಮೊದಲಿಂದಲೂ ಇತ್ತೇ?

"ನಾಳೆ ಬೀಟ್‌ರೂಟು," ಎಂದಳು ಮಗಳು.
"ಗೋಡೆಗೆ ಬಣ್ಣ ಹೊಡೆಸಿ ತಿಂಗಳೂ ಆಗಿಲ್ಲ," ಎಂದಳು ಹೆಂಡತಿ,
ತಣ್ಣಗಾದ ಮಣ್ಣಿಯನ್ನು ನನ್ನ ಮುಂದಿಡುತ್ತ.